ಇಂದಿನ ಅನ್ನ, ನೆರೆಮನೆಯ ಹಣ

ಕ್ರೈಸ್ತರು ‘ಕರ್ತನ ಪ್ರಾರ್ಥನೆ’ ಎಂದು ಕರೆಯುವ ಪ್ರಾರ್ಥನೆಯಲ್ಲಿ ಹೊಟ್ಟೆಗೆ ಸಂಬಂಧಿಸಿದ ಬೇಡಿಕೆ ಒಂದೇ ಒಂದು. ಅದೂ ತೀರಾ ಚಿಕ್ಕದು. ವರ್ಷದ ಬೆಳೆಯನ್ನು ಅದು ಕೇಳುವುದಿಲ್ಲ. ತುಂಬಿದ ಕಣಜವನ್ನಾಗಲಿ, ಮೊಮ್ಮಕ್ಕಳ ಕಾಲಕ್ಕೂ ಸಾಲುವ ಆಸ್ತಿಯನ್ನಾಗಲಿ ಕೇಳುವುದಿಲ್ಲ. ಆ ದಿನಕ್ಕೆ ಬೇಕಾದ ಆಹಾರವನ್ನಷ್ಟೇ ಕೇಳುತ್ತದೆ. ಕೂಲಿಯವನೂ ದೊರೆಯೂ ಶತಮಾನಗಳಿಂದ ಇದನ್ನೇ ಹೇಳುತ್ತ ಬಂದಿದ್ದಾರೆ. ನಾಳೆ ಒಲೆ ಉರಿಯುವುದೋ ಇಲ್ಲವೋ ಎಂದು ತಿಳಿಯದ ತಾಯಿಯ ಬಾಯಲ್ಲಿ ಈ ಬೇಡಿಕೆ ಸಹಜ. ಆದರೆ ಆರು ತಿಂಗಳ ದಿನಸಿ ತುಂಬಿಟ್ಟುಕೊಂಡವನು ಇದನ್ನು ಹೇಳಿದರೆ ಏನರ್ಥ? ದೇವರನ್ನು ನಂಬಿದವನಿಗೆ ದಿನದ ಊಟ ಸಿಕ್ಕೇ ಸಿಗುತ್ತದೆ ಎಂಬ ಖಾತರಿ ಇದರಲ್ಲಿದೆಯೇ? ಇದ್ದರೆ, ಪ್ರಾರ್ಥಿಸುತ್ತಲೇ ಹಸಿವಿನಿಂದ ಸತ್ತವರ ಕುರಿತು ನಾವು ಏನು ಹೇಳಬೇಕು?

ದೇವರ ಮೇಲಿನ ಭರವಸೆ ಒಂದೇ ಧರ್ಮದ ಸೊತ್ತಲ್ಲ. ಮುಸ್ಲಿಮ್ ಓದುಗರಿಗೆ ‘ತವಕ್ಕುಲ್’ ಎಂಬ ಪದ ತಕ್ಷಣ ನೆನಪಾಗಬಹುದು. ಆದರೆ ಇಲ್ಲಿ ಹೋಲಿಕೆಗೆ ಹೊರಡುವುದು ನಮ್ಮ ಉದ್ದೇಶವಲ್ಲ. ಕ್ರೈಸ್ತ ವಿಶ್ವಾಸ ತನ್ನೊಳಗೇ ಈ ಪ್ರಶ್ನೆಯನ್ನು ಹೇಗೆ ಎದುರಿಸಿದೆ ಎಂದು ನೋಡುವುದಷ್ಟೇ ನಮ್ಮ ಬಯಕೆ.

ಆ ಪ್ರಾರ್ಥನೆಯ ಮೂಲ ಗ್ರೀಕ್ ಪಠ್ಯದಲ್ಲಿ ಆಹಾರಕ್ಕೆ ವಿಶೇಷಣವಾಗಿ ಬರುವ ‘ಎಪಿಯೂಸಿಯೋಸ್’ ಎಂಬ ಪದ ವಿದ್ವಾಂಸರಿಗೆ ಇಂದಿಗೂ ಒಗಟು. ಮೂರನೇ ಶತಮಾನದ ಒರಿಗನ್ ಗ್ರೀಕ್ ಭಾಷೆಯಲ್ಲೇ ಬೆಳೆದವನು. ಈ ಪದ ಪಂಡಿತರ ಬರಹದಲ್ಲೂ ಇಲ್ಲ, ಜನರ ಆಡುಮಾತಿನಲ್ಲೂ ಇಲ್ಲ, ಸುವಾರ್ತೆ ಬರೆದವರೇ ಇದನ್ನು ಕಟ್ಟಿರಬೇಕು ಎಂದು ಅವನು ಬರೆದ. ಬೈಬಲನ್ನು ಲ್ಯಾಟಿನ್‌ಗೆ ತಂದ ಜೆರೋಮ್ ಲೂಕನ ಸುವಾರ್ತೆಯಲ್ಲಿ ಇದಕ್ಕೆ ‘ದಿನನಿತ್ಯದ’ ಎಂಬ ಅರ್ಥ ಕೊಟ್ಟು, ಮತ್ತಾಯನ ಸುವಾರ್ತೆಯಲ್ಲಿ ಲೌಕಿಕವನ್ನು ಮೀರಿದ ಆಹಾರ ಎಂಬರ್ಥದ ಬೇರೊಂದು ಪದ ಬಳಸಿದ. ‘ಬರಲಿರುವ ದಿನದ’ ಎಂದು ಅರ್ಥೈಸುವವರೂ ಇದ್ದಾರೆ. ಪಂಡಿತರ ಈ ಚರ್ಚೆ ಏನೇ ಇರಲಿ, ಯೇಸುವಿನ ಸುತ್ತ ಸೇರುತ್ತಿದ್ದವರಲ್ಲಿ ದಿನಗೂಲಿಯ ಜನ ಇದ್ದರು ಎಂಬುದನ್ನು ಮರೆಯಬಾರದು. ಅವರ ಸಾಮತಿಗಳಲ್ಲೇ ಒಂದು, ಬೆಳಗ್ಗೆ ಚೌಕದಲ್ಲಿ ನಿಂತು ಯಾರಾದರೂ ಕೆಲಸಕ್ಕೆ ಕರೆದಾರೇ ಎಂದು ಕಾಯುವ ಕೂಲಿಗಳದ್ದು. ಸಂಜೆ ಕೂಲಿ ಸಿಕ್ಕರೆ ರಾತ್ರಿ ಊಟ. ಅಂಥವರಿಗೆ ಆ ದಿನದ ರೊಟ್ಟಿ ಎಂಬುದು ಅಲಂಕಾರದ ಮಾತಲ್ಲ.

ಇದಕ್ಕಿಂತ ಹಳೆಯ ಕಥೆಯೊಂದು ಪ್ರಾರ್ಥನೆಯ ಹಿಂದೆ ನಿಂತಿದೆ. ಈಜಿಪ್ಟಿನ ಗುಲಾಮಗಿರಿಯಿಂದ ಹೊರಬಂದ ಇಸ್ರಾಯೇಲರು ಮರುಭೂಮಿಯಲ್ಲಿ ಹಸಿದಾಗ ಮುಂಜಾನೆಯ ಇಬ್ಬನಿಯೊಂದಿಗೆ ಮನ್ನ ಬಿತ್ತೆಂದು ವಿಮೋಚನಕಾಂಡ ಹೇಳುತ್ತದೆ. ‘ಮನ್ನ್ ಮತ್ತು ಸಲ್ವಾ’ ಕುರ್‌ಆನ್ ಓದುಗರಿಗೂ ಹೊಸದಲ್ಲ. ಆ ಕಥೆಯಲ್ಲಿ ಪವಾಡಕ್ಕಿಂತ ಅಳತೆಯ ವಿವರವೇ ನಮಗೆ ಮುಖ್ಯವಾಗಿ ಕಾಣುತ್ತದೆ. ತಲೆಗೊಂದು ಓಮೆರ್, ಅಂದರೆ ಸುಮಾರು ಎರಡು ಲೀಟರ್. ಬಾಚಿ ಬಾಚಿ ತುಂಬಿಕೊಂಡವನಿಗೆ ಅಳೆದಾಗ ಹೆಚ್ಚಾಗಲಿಲ್ಲ, ಸ್ವಲ್ಪವೇ ಕೂಡಿಸಿದವನಿಗೆ ಕಡಿಮೆಯಾಗಲಿಲ್ಲ. ನಾಳೆಗೆಂದು ಬಚ್ಚಿಟ್ಟವರ ಪಾಲು ಹುಳ ಬಿದ್ದು ನಾರಿತು. ವಿಶ್ರಾಂತಿಯ ದಿನದ ಮುನ್ನಾದಿನ ಮಾತ್ರ ಎರಡು ಪಾಲು ಕೂಡಿಸಲು ಅನುಮತಿ ಇತ್ತು. ಅಂದರೆ ಕೂಡಿಡುವುದೇ ಪಾಪ ಎಂದು ಕಥೆ ಹೇಳುತ್ತಿಲ್ಲ. ವಿಶ್ರಾಂತಿಗಾಗಿ ಕೂಡಿಟ್ಟದ್ದು ಕೆಡಲಿಲ್ಲ, ಭಯದಿಂದ ಕೂಡಿಟ್ಟದ್ದು ಕೆಟ್ಟಿತು. ಗುಲಾಮರಾಗಿದ್ದಾಗ ಫರೋಹನಿಗಾಗಿ ಉಗ್ರಾಣದ ಪಟ್ಟಣಗಳನ್ನು ಕಟ್ಟಿದ ಜನ ಇವರು ಎಂಬುದನ್ನೂ ಅದೇ ಗ್ರಂಥ ಹೇಳುತ್ತದೆ. ಉಗ್ರಾಣವಿಲ್ಲದೆ ಬದುಕುವುದನ್ನು ಅವರು ಹೊಸದಾಗಿ ಕಲಿಯಬೇಕಿತ್ತು.

ಆಕಾಶದ ಹಕ್ಕಿಗಳ ಬಗ್ಗೆ ಯೇಸು ಹೇಳಿದ ಮಾತನ್ನು ಎಲ್ಲರೂ ಬಲ್ಲರು. ಬಿತ್ತದೆ ಕೊಯ್ಯದೆ ಅವು ಉಣ್ಣುತ್ತವೆ, ಆದ್ದರಿಂದ ಚಿಂತಿಸಬೇಡಿ ಎಂಬುದು ಅದರ ತಾತ್ಪರ್ಯ. ಅದನ್ನು ಬಿಡಿಯಾಗಿ ಓದಿದರೆ ಸೋಮಾರಿಗೊಂದು ಸಮರ್ಥನೆ ಸಿಕ್ಕಂತೆ ಕಾಣಬಹುದು. ಆದರೆ ಲೂಕನ ಸುವಾರ್ತೆಯಲ್ಲಿ ಅದು ಎಲ್ಲಿ ಬರುತ್ತದೆ ಎಂದು ನೋಡಬೇಕು. ಅದಕ್ಕೆ ತುಸು ಮೊದಲು ಒಬ್ಬ ಶ್ರೀಮಂತನ ಕಥೆ ಇದೆ. ಬೆಳೆ ಹೆಚ್ಚಾಯಿತೆಂದು ಹಳೆಯ ಕಣಜಗಳನ್ನು ಕೆಡವಿ ದೊಡ್ಡವನ್ನು ಕಟ್ಟಲು ಹೊರಟವನು ಆ ರಾತ್ರಿಯೇ ಸಾಯುತ್ತಾನೆ. ಆ ಮನುಷ್ಯ ಇಡೀ ಕಥೆಯಲ್ಲಿ ಮಾತಾಡುವುದು ತನ್ನೊಡನೆ ಮಾತ್ರ. ಈ ಕಣಜದ ನೆರಳಲ್ಲೇ ಉಗ್ರಾಣವಿಲ್ಲದ ಕಾಗೆಗಳ ಮಾತು ಬರುತ್ತದೆ. ಕಣಜ ಕಟ್ಟುವವನಿಗೆ ಇದು ಎಚ್ಚರಿಕೆ. ಕಣಜವೇ ಇಲ್ಲದವನಿಗೆ ಸಾಂತ್ವನ. ಎರಡನ್ನೂ ಅದಲುಬದಲು ಮಾಡಿ, ಎಚ್ಚರಿಕೆಯನ್ನು ಬಡವನಿಗೂ ಸಾಂತ್ವನವನ್ನು ಶ್ರೀಮಂತನಿಗೂ ಹಂಚುವ ಪ್ರವಚನಗಳು ಎಲ್ಲ ಧರ್ಮಗಳಲ್ಲೂ ಬೇಕಾದಷ್ಟಿವೆ.

ಈ ಉಪದೇಶವನ್ನು ಅಕ್ಷರಶಃ ಬದುಕಲು ಹೊರಟವರಲ್ಲಿ ಹತ್ತೊಂಬತ್ತನೇ ಶತಮಾನದ ಜಾರ್ಜ್ ಮುಲ್ಲರ್ ಅವರ ಹೆಸರು ದೊಡ್ಡದು. (ಮಂಗಳೂರಿನ ಕಂಕನಾಡಿಯಲ್ಲಿ ಆಸ್ಪತ್ರೆಗೆ ಅಡಿಪಾಯ ಹಾಕಿದ ಫಾದರ್ ಮುಲ್ಲರ್ ಬೇರೆ. ಇಬ್ಬರೂ ಜರ್ಮನರು ಎಂಬುದಷ್ಟೇ ಸಾಮ್ಯ.) 1805ರಲ್ಲಿ ಪ್ರಷ್ಯಾದಲ್ಲಿ ಹುಟ್ಟಿದ ಈ ಮುಲ್ಲರ್ ಹುಡುಗನಾಗಿದ್ದಾಗ ತಂದೆಯ ಹಣ ಕದಿಯುತ್ತಿದ್ದರು. ಹದಿನಾರನೇ ವಯಸ್ಸಿನಲ್ಲಿ ವಸತಿಗೃಹದ ಬಾಕಿ ತೀರಿಸಲಾಗದೆ ಜೈಲು ಕಂಡರು. ಹಾಲೆಯಲ್ಲಿ ಓದುವಾಗ 1825ರಲ್ಲಿ ಅವರ ಬದುಕು ತಿರುಗಿತು. 1829ರಲ್ಲಿ ಇಂಗ್ಲೆಂಡಿಗೆ ಬಂದು ಸಭಾಪಾಲಕರಾದ ಅವರು ಮರುವರ್ಷ ನಿಗದಿತ ಸಂಬಳವನ್ನು ಬಿಟ್ಟುಬಿಟ್ಟರು. ಚರ್ಚಿನಲ್ಲಿ ಮುಂದಿನ ಸಾಲಿನ ಪೀಠಗಳನ್ನು ಬಾಡಿಗೆಗೆ ಕೊಟ್ಟು ಆ ಹಣದಿಂದ ಪಾದ್ರಿಗೆ ಸಂಬಳ ಕೊಡುವ ಪದ್ಧತಿ ಆಗ ಇತ್ತು. ಬಡವನನ್ನು ಹಿಂದೆ ಕೂರಿಸುವ ಆ ಪದ್ಧತಿ ಅವರಿಗೆ ಸಹಿಸಲಿಲ್ಲ. 1832ರಲ್ಲಿ ಬ್ರಿಸ್ಟಲ್ ನಗರಕ್ಕೆ ಬಂದು, 1836ರಲ್ಲಿ ವಿಲ್ಸನ್ ಬೀದಿಯ ಬಾಡಿಗೆ ಮನೆಯೊಂದರಲ್ಲಿ ಅನಾಥ ಹೆಣ್ಣುಮಕ್ಕಳ ಆಶ್ರಯ ತೆರೆದರು. ನೆರೆಯವರು ಮಕ್ಕಳ ಗದ್ದಲದ ಬಗ್ಗೆ ತಕರಾರು ತೆಗೆದ ಮೇಲೆ ನಗರದ ಹೊರಗೆ ಆಶ್ಲಿ ಡೌನ್‌ನಲ್ಲಿ 1849ರಿಂದ 1870ರ ಒಳಗೆ ಐದು ದೊಡ್ಡ ಮನೆಗಳು ಎದ್ದವು. ಎರಡು ಸಾವಿರಕ್ಕೂ ಹೆಚ್ಚು ಮಕ್ಕಳಿಗೆ ಅಲ್ಲಿ ಜಾಗವಿತ್ತು. ಅವರ ಜೀವಿತಕಾಲದಲ್ಲಿ ಸುಮಾರು ಹತ್ತು ಸಾವಿರ ಮಕ್ಕಳು ಆ ಮನೆಗಳಲ್ಲಿ ಬೆಳೆದರು.

ಅವರ ನಿಯಮ ಸರಳ, ಪಾಲಿಸಲು ಕಠಿಣ. ಯಾರ ಬಳಿಯೂ ಹಣ ಕೇಳುವುದಿಲ್ಲ, ದೇವರ ಬಳಿ ಮಾತ್ರ ಕೇಳುವುದು. ಸಾಲ ಮಾಡುವುದಿಲ್ಲ. ಹಾಲಿನವನಿಗೆ ಕೊಡಲು ಕೈಯಲ್ಲಿ ಕಾಸಿಲ್ಲದಿದ್ದರೆ ಹಾಲು ತೆಗೆದುಕೊಳ್ಳುವುದಿಲ್ಲ. ಬೊಕ್ಕಸ ಬರಿದಾಗಿದೆ ಎಂಬುದನ್ನು ಕೆಲಸಗಾರರು ಹೊರಗೆ ಬಾಯಿಬಿಡುವಂತಿಲ್ಲ. ದಾನಿಯೊಬ್ಬರು ಸಂಸ್ಥೆಗೆ ಈಗ ಹಣದ ಅಗತ್ಯ ಇದೆಯೇ ಎಂದು ನೇರವಾಗಿ ಬರೆದು ಕೇಳಿದಾಗಲೂ ಮುಲ್ಲರ್ ಲೆಕ್ಕ ಹೇಳಲಿಲ್ಲ. ಆಗ ಕೈ ಬಹುತೇಕ ಬರಿದಾಗಿತ್ತು.

ಮಕ್ಕಳು ಖಾಲಿ ತಟ್ಟೆಗಳ ಮುಂದೆ ಕುಳಿತಿದ್ದಾಗ ಬಾಗಿಲು ಬಡಿದು ರೊಟ್ಟಿಯವನು ಬಂದ, ಹಾಲಿನ ಗಾಡಿ ಮನೆಯೆದುರೇ ಮುರಿಯಿತು ಎಂಬ ಕಥೆಯನ್ನು ಪ್ರವಚನಗಳಲ್ಲಿ ಹೇಳುವುದುಂಟು. ಮುಲ್ಲರ್ ತಾವೇ ಬರೆದಿಟ್ಟ ದಿನಚರಿಯ ಧಾಟಿ ಅಷ್ಟು ನಾಟಕೀಯವಲ್ಲ. ಅದರಲ್ಲಿ ಕಾಣುವುದು ಶಿಲ್ಲಿಂಗು, ಪೆನ್ಸುಗಳ ಲೆಕ್ಕ. 1838ರ ಸೆಪ್ಟೆಂಬರ್‌ನಿಂದ ವರ್ಷಗಟ್ಟಲೆ ಕೈ ಬಿಗಿಯಾಗಿಯೇ ಇತ್ತು. ಮಕ್ಕಳನ್ನು ನೋಡಿಕೊಳ್ಳುತ್ತಿದ್ದವರು ತಮ್ಮ ಪುಡಿಗಾಸನ್ನು ಹಾಕಿದರು, ತಮಗೆ ಅಗತ್ಯವಿಲ್ಲದ ವಸ್ತುಗಳನ್ನು ಮಾರಿದರು. ಪವಾಡ ಎಂದು ಕರೆಯುವುದರ ಒಳಗೆ ಇಂಥ ಹೆಂಗಸರ ಗಂಡಸರ ಕೈಗಳು ಎಷ್ಟಿದ್ದವು ಎಂಬುದನ್ನು ದಿನಚರಿ ಮುಚ್ಚಿಡುವುದಿಲ್ಲ. ನಮ್ಮ ದೃಷ್ಟಿಯಲ್ಲಿ ಅದರ ಹಿರಿಮೆಯೂ ಅದೇ.

ಅದೇ ಸೆಪ್ಟೆಂಬರ್ ತಿಂಗಳಲ್ಲಿ ನಡೆದ ಒಂದು ಸಂಗತಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಆಶ್ರಯದಲ್ಲಿ ಏನೂ ಉಳಿದಿರಲಿಲ್ಲ. ಆಗ ಲಂಡನ್ ಕಡೆಯ ಒಬ್ಬ ಮಹಿಳೆ ಬಂದು ತನ್ನ ಮಗಳು ಕಳಿಸಿದ ಮೂರು ಪೌಂಡಿಗೂ ತುಸು ಹೆಚ್ಚಿನ ಹಣ ಕೊಟ್ಟರು. ವಿಚಾರಿಸಿದರೆ, ಆಕೆ ಬ್ರಿಸ್ಟಲ್‌ಗೆ ಬಂದು ನಾಲ್ಕೈದು ದಿನಗಳಾಗಿತ್ತು. ಉಳಿದುಕೊಂಡದ್ದು ಗಂಡುಮಕ್ಕಳ ಆಶ್ರಯದ ಪಕ್ಕದ ಮನೆಯಲ್ಲೇ. ಅಂದರೆ ಒಳಗೆ ಪ್ರಾರ್ಥನೆ ನಡೆಯುತ್ತಿದ್ದ ಅಷ್ಟೂ ದಿನ ಹಣ ಒಂದು ಗೋಡೆಯ ಆಚೆ ಇತ್ತು. ಮುಲ್ಲರ್ ಇದನ್ನು ದೇವರ ಪ್ರೀತಿಯ ಗುರುತಾಗಿ ಓದಿದರು. ಸಹಾಯ ಮೊದಲೇ ಸಿದ್ಧವಿತ್ತು, ಮಕ್ಕಳ ಪ್ರಾರ್ಥನೆಯನ್ನು ಕೇಳುವ ಇಷ್ಟದಿಂದ ದೇವರು ಕಾಯಿಸಿದನು ಎಂಬುದು ಅವರ ಭಾವ. ಅವರ ವಿಶ್ವಾಸದ ಮೇಲೆ ನಮಗೆ ಗೌರವವಿದೆ. ಆದರೂ ಆ ಗೋಡೆಯ ಆಚೆಯಿಂದಲೂ ಈ ಘಟನೆಯನ್ನು ನೋಡಬಾರದೇಕೆ? ಹಸಿದವರಿಗೆ ಇದು ದೇವರ ಪರೀಕ್ಷೆಯಾಗಿದ್ದರೆ, ಹಣ ಇಟ್ಟುಕೊಂಡವರಿಗೆ ಏನಾಗಿತ್ತು? ಆಕೆಗೆ ಒಳಗಿನ ಸ್ಥಿತಿ ತಿಳಿದಿರಲಿಲ್ಲ, ತಿಳಿಸಬಾರದೆಂಬುದೇ ಆ ಮನೆಯ ನಿಯಮವಾಗಿತ್ತು. ಹೇಳದೆ ಇರುವುದು ಭಕ್ತಿಯಾದೀತು. ಆದರೆ ನೆರೆಯವನು ಕೊಡುವ ಅವಕಾಶವನ್ನೇ ಅದು ತಡೆದರೆ? ದೇವರಲ್ಲಿ ಕೇಳುವುದಕ್ಕೂ ನೆರೆಯವನಲ್ಲಿ ಕೇಳುವುದಕ್ಕೂ ನಡುವೆ ಮುಲ್ಲರ್ ಎಳೆದಷ್ಟು ದಪ್ಪ ಗೆರೆ ಸುವಾರ್ತೆಗಳಲ್ಲಿ ನಮಗೆ ಕಾಣುವುದಿಲ್ಲ. ಯೇಸುವೇ ಬಾವಿಯ ಬಳಿ ಅಪರಿಚಿತ ಸಮಾರ್ಯದ ಹೆಂಗಸಿನ ಬಳಿ ನೀರು ಕೇಳಿದವರು.

ಇನ್ನೊಂದು ಆಕ್ಷೇಪ ಅವರ ಕಾಲದಲ್ಲೇ ಇತ್ತು. ಹಣ ಕೇಳುವುದಿಲ್ಲ ಎನ್ನುವ ಮುಲ್ಲರ್ ವರ್ಷವರ್ಷವೂ ವರದಿ ಅಚ್ಚು ಹಾಕಿಸುತ್ತಿದ್ದರು. ಹೇಗೆ ಕೈ ಖಾಲಿಯಾಗಿತ್ತು, ಹೇಗೆ ಕೊನೆಗಳಿಗೆಯಲ್ಲಿ ಹಣ ಬಂತು ಎಂಬ ವಿವರ ಅದರಲ್ಲಿ ಇರುತ್ತಿತ್ತು. ಓದಿದವರು ಹಣ ಕಳಿಸುತ್ತಿದ್ದರು. ಇದು ಬೇಡುವುದಲ್ಲದೆ ಮತ್ತೇನು? ಈ ಆಕ್ಷೇಪದಲ್ಲಿ ಹುರುಳಿದೆ ಎಂದೇ ನಮ್ಮ ಅಭಿಪ್ರಾಯ. ಆದರೆ ಅವರ ಪ್ರಾಮಾಣಿಕತೆಯನ್ನು ಸಂಶಯಿಸಲು ಮನಸ್ಸು ಬರುವುದಿಲ್ಲ. 1841ರ ಡಿಸೆಂಬರ್‌ನಲ್ಲಿ ಕೊರತೆ ತೀವ್ರವಾಗಿದ್ದಾಗ, ಈಗ ವರದಿ ಓದಿದರೆ ಅದು ಬೇಡಿಕೆಯಂತಾಗುತ್ತದೆ ಎಂದು ಸಭೆಯನ್ನೂ ವರದಿಯನ್ನೂ ಅವರು ಮುಂದೂಡಿದರು. ನಂತರದ ನಾಲ್ಕು ತಿಂಗಳು ಇನ್ನಷ್ಟು ಕಷ್ಟದವು. ಅವರ ಕೈ ಮೂಲಕ ಹಾದುಹೋದ ಹಣ ಹತ್ತಿರ ಹತ್ತಿರ 15 ಲಕ್ಷ ಪೌಂಡು. 1898ರಲ್ಲಿ ತೀರಿಕೊಂಡಾಗ ಅವರ ಸ್ವಂತದ್ದೆಂದು ಉಳಿದದ್ದು ಸುಮಾರು 160 ಪೌಂಡು. ಭರವಸೆಯ ಹೆಸರಿನಲ್ಲಿ ಖಾಸಗಿ ವಿಮಾನ ಕೊಳ್ಳುವ ಪ್ರವಚನಕಾರರನ್ನು ಟೀವಿಯಲ್ಲಿ ನೋಡಿರುವ ನಮ್ಮ ಕಾಲಕ್ಕೆ ಈ ಅಂಕಿ ಒಂದು ಉತ್ತರ. ಅವರ ಸಮಾಧಿ ಇರುವ ಆರ್ನೋಸ್ ವೇಲ್ ಸ್ಮಶಾನದಲ್ಲೇ, 1833ರಲ್ಲಿ ಬ್ರಿಸ್ಟಲ್‌ನಲ್ಲಿ ತೀರಿಕೊಂಡ ರಾಜಾ ರಾಮಮೋಹನ ರಾಯರ ಸಮಾಧಿಯೂ ಇದೆ. ಯೇಸುವಿನ ಉಪದೇಶಗಳ ಬಗ್ಗೆ 1820ರಲ್ಲೇ ಪುಸ್ತಕ ಬರೆದವರು ರಾಯರು.

ಮುಲ್ಲರ್ ಈ ಕೆಲಸಕ್ಕೆ ಇಳಿದದ್ದೇಕೆ ಎಂಬುದಕ್ಕೆ ಅವರೇ ಕೊಟ್ಟ ಕಾರಣ ನಮ್ಮನ್ನು ಹೆಚ್ಚು ಕಾಡುತ್ತದೆ. ಅನಾಥರ ಮೇಲಿನ ಕನಿಕರ ಅವರಲ್ಲಿ ಖಂಡಿತ ಇತ್ತು. ಆದರೆ ಮೊದಲ ಕಾರಣ ಅದಲ್ಲ ಎಂದು ಅವರು ಮುಚ್ಚುಮರೆಯಿಲ್ಲದೆ ಬರೆದರು. ದಿನಕ್ಕೆ 14 ಗಂಟೆ, 16 ಗಂಟೆ ದುಡಿದು ಆರೋಗ್ಯ ಕೆಡಿಸಿಕೊಂಡವರನ್ನು ಅವರು ತಮ್ಮ ಸಭೆಯಲ್ಲೇ ಕಂಡಿದ್ದರು. ಕಡಿಮೆ ದುಡಿಯಿರಿ, ಪ್ರಾರ್ಥನೆಗೆ ಹೊತ್ತು ಇಟ್ಟುಕೊಳ್ಳಿ ಎಂದರೆ, ಕಡಿಮೆ ದುಡಿದರೆ ಸಂಸಾರ ಸಾಗುವುದಿಲ್ಲ ಎಂಬ ಉತ್ತರ ಬರುತ್ತಿತ್ತು. ಮುಪ್ಪಿನಲ್ಲಿ ಬಡವರ ದುಡಿಮೆ ಮನೆಗೆ ಹೋಗಬೇಕಾದೀತೆಂಬ ಹೆದರಿಕೆ ಎಷ್ಟೋ ಜನರಲ್ಲಿತ್ತು. ದೇವರು ಇಂದಿಗೂ ಪೋಷಿಸುತ್ತಾನೆಂದು ಇವರಿಗೆ ಕಣ್ಣಿಗೆ ಕಾಣುವಂತೆ ತೋರಿಸಬೇಕು, ಒಬ್ಬ ಬಡ ಮನುಷ್ಯ ಯಾರನ್ನೂ ಕೇಳದೆ ಮಕ್ಕಳನ್ನು ಸಾಕಿದರೆ ಅದೇ ಸಾಕ್ಷಿ ಎಂದು ಅವರು ಯೋಚಿಸಿದರು.

ಆ ಕಾರ್ಮಿಕನ ಭಯವನ್ನು ಅವರು ಗುರುತಿಸಿದ್ದು ಸರಿ. ಆತ್ಮವನ್ನೂ ದೇಹವನ್ನೂ ತಿನ್ನುವ ಭಯ ಅದು. ಆದರೆ ಆ ಭಯ ಕೇವಲ ಅವನ ವಿಶ್ವಾಸದ ಕೊರತೆಯೇ? 1833ರ ಕಾರ್ಖಾನೆ ಕಾಯ್ದೆ ಬಟ್ಟೆ ಗಿರಣಿಗಳಲ್ಲಿ ಎಳೆಯರ ದುಡಿಮೆಗೆ ಮಿತಿ ಹಾಕಿತ್ತು. ಬೆಳೆದ ಗಂಡಸಿಗೆ ಯಾವ ಮಿತಿಯೂ ಇರಲಿಲ್ಲ. 1834ರ ಬಡವರ ಕಾಯ್ದೆ, ದುಡಿಮೆ ಮನೆ ಜನರಿಗೆ ಹೆದರಿಕೆ ಹುಟ್ಟಿಸುವಂತಿರಬೇಕು ಎಂಬ ಉದ್ದೇಶದಿಂದಲೇ ಬಂದದ್ದು. ಹಾಗಾಗಿ ಆ ಕಾರ್ಮಿಕನ ಹೆದರಿಕೆಗೆ ಕಾರಣಗಳಿದ್ದವು, ಆ ಕಾರಣಗಳಿಗೆ ವಿಳಾಸವಿತ್ತು. ಅವನಿಗೆ ಭರವಸೆಯಿಡು ಎಂದು ಹೇಳುವ ಮೊದಲು ಅವನ ಯಜಮಾನನಿಗೆ ಏನಾದರೂ ಹೇಳಬೇಕಿತ್ತು. ಇದನ್ನು ಹೊರಗಿನವರ ಟೀಕೆ ಎಂದು ತಳ್ಳಿಹಾಕುವಂತಿಲ್ಲ. ಅದೇ ಬೈಬಲ್ ಓದುತ್ತಿದ್ದ ಮೈಕೆಲ್ ಸ್ಯಾಡ್ಲರ್, ಲಾರ್ಡ್ ಆಶ್ಲಿ ಮುಂತಾದವರು ಅದೇ ವರ್ಷಗಳಲ್ಲಿ ದುಡಿಮೆಯ ಗಂಟೆಗಳನ್ನು ಇಳಿಸಲು ಪಾರ್ಲಿಮೆಂಟಿನಲ್ಲಿ ಹೋರಾಡುತ್ತಿದ್ದರು. 1847ರಲ್ಲಿ ಗಿರಣಿಯ ಹೆಂಗಸರಿಗೂ ಎಳೆಯರಿಗೂ ದಿನಕ್ಕೆ ಹತ್ತು ಗಂಟೆಯ ಮಿತಿ ಬಂತು. ಮುಲ್ಲರ್ ಅವರ ಪ್ರಾರ್ಥನೆ ಮತ್ತು ಈ ಕಾಯ್ದೆ, ಎರಡೂ ಒಂದೇ ಕಾರ್ಮಿಕನ ಒಂದೇ ದಿನವನ್ನು ಕುರಿತದ್ದು. ಎರಡನ್ನೂ ಒಟ್ಟಿಗೆ ಹಿಡಿದವರು ಆ ಕಾಲದಲ್ಲಿ ವಿರಳ. ಈಗಲೂ ಹೆಚ್ಚೇನಿಲ್ಲ.

ಈಗ ಆರಂಭದ ಕಠಿಣ ಪ್ರಶ್ನೆಗೆ ಬರೋಣ. ಆಶ್ಲಿ ಡೌನ್‌ನ ಮೊದಲ ಮನೆ 1849ರಲ್ಲಿ ಬಾಗಿಲು ತೆರೆಯಿತು. ಆಲೂಗಡ್ಡೆಗೆ ರೋಗ ತಗುಲಿ 1845ರಿಂದ ಐರ್ಲೆಂಡಿನಲ್ಲಿ ಆರಂಭವಾದ ಕ್ಷಾಮ ಆಗಿನ್ನೂ ಮುಗಿದಿರಲಿಲ್ಲ. ಬ್ರಿಸ್ಟಲ್‌ನಿಂದ ಸಮುದ್ರ ದಾಟಿದರೆ ಐರ್ಲೆಂಡ್. ಅಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು. ಅವರೂ ಕ್ರೈಸ್ತರೇ. ದಿನದ ಆಹಾರಕ್ಕಾಗಿ ಅದೇ ಪ್ರಾರ್ಥನೆಯನ್ನು ಹೇಳುತ್ತಿದ್ದವರೇ. ಬ್ರಿಸ್ಟಲ್‌ನ ಮುನ್ನೂರು ಮಕ್ಕಳ ಊಟ ದೇವರು ಕೇಳಿದನೆಂಬುದಕ್ಕೆ ಸಾಕ್ಷಿಯಾದರೆ, ಐರ್ಲೆಂಡಿನ ಮಕ್ಕಳ ಸಾವು ಯಾವುದಕ್ಕೆ ಸಾಕ್ಷಿ? ಅವರ ವಿಶ್ವಾಸ ಕಡಿಮೆಯಿತ್ತು ಎನ್ನುವವನ ಬಾಯಿಗೆ ನಾವು ಹೆದರಬೇಕು. ಆ ವರ್ಷಗಳಲ್ಲೂ ಐರ್ಲೆಂಡಿನಿಂದ ಧಾನ್ಯ, ದನ, ಬೆಣ್ಣೆ ಹಡಗುಗಳಲ್ಲಿ ಹೊರಹೋಗುತ್ತಿದ್ದವು.

ನಮ್ಮ ನೆಲವೂ ಇದನ್ನು ಕಂಡಿದೆ. ಹಳಬರು ‘ಧಾತು ಈಶ್ವರದ ಬರ’ ಎನ್ನುತ್ತಿದ್ದ 1876–78ರ ಕ್ಷಾಮದ ಮೊದಲು, 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನ 50 ಲಕ್ಷದ 55 ಸಾವಿರ. 1881ರಲ್ಲಿ 41 ಲಕ್ಷದ 86 ಸಾವಿರ. ಪಕ್ಕದ ಮದ್ರಾಸ್ ಪ್ರಾಂತದಲ್ಲಿ ಬರಗೆಲಸದ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಒಂದಾಣೆ ಸಾಕು ಎಂದು ಸರ್ ರಿಚರ್ಡ್ ಟೆಂಪಲ್ ಕೂಲಿ ಇಳಿಸಿದರು. ಭಾರತದ ಗೋಧಿ ಆಗಲೂ ಇಂಗ್ಲೆಂಡಿಗೆ ರಫ್ತಾಗುತ್ತಿತ್ತು. ಮರುಭೂಮಿಯ ಮನ್ನದಲ್ಲಿ ತಲೆಗೊಂದು ಓಮೆರ್ ಎಂಬ ಅಳತೆ ಯಾರಿಗೂ ಕಡಿಮೆಯಾಗಬಾರದೆಂದು ಇತ್ತು. ಇಲ್ಲಿಯೂ ದಿನದ ಆಹಾರಕ್ಕೆ ಅಳತೆ ಇತ್ತು. ಸರಕಾರದ ಖರ್ಚು ಹೆಚ್ಚಾಗಬಾರದೆಂದು.

ಈ ಎರಡು ಬರಗಳಲ್ಲೂ ಬೆಳೆ ಕೆಟ್ಟದ್ದು ನಿಜ. ಆದರೆ ಆಹಾರ ಪೂರ್ತಿ ಇಲ್ಲವಾಗಿರಲಿಲ್ಲ. ಅದು ಗೋಡೆಯ ಆಚೆ ಇತ್ತು, ಬ್ರಿಸ್ಟಲ್‌ನ ಆ ಪಕ್ಕದ ಮನೆಯಲ್ಲಿ ಇದ್ದಂತೆ. ಹಾಗಾಗಿ ದೇವರು ಏಕೆ ಕೊಡಲಿಲ್ಲ ಎಂದು ಕೇಳುವವನು, ಕೊಟ್ಟದ್ದು ಎಲ್ಲಿಗೆ ಹೋಯಿತು ಎಂದೂ ಕೇಳಬೇಕಾಗುತ್ತದೆ. ಇದರಿಂದ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತೆಂದು ನಾವು ಹೇಳುವುದಿಲ್ಲ. ಹಸಿದ ಮಗುವನ್ನು ಕಳೆದುಕೊಂಡವರ ಮುಂದೆ ಯಾವ ಉತ್ತರವೂ ನಿಲ್ಲುವುದಿಲ್ಲ. ಆದರೆ ಪ್ರಾರ್ಥನೆಯ ವ್ಯಾಕರಣವನ್ನು ಗಮನಿಸಿ. ‘ನನಗೆ’ ಎಂದು ಕೇಳಲು ಯೇಸು ಕಲಿಸಲಿಲ್ಲ, ಬಹುವಚನದಲ್ಲಿ ಕೇಳಲು ಕಲಿಸಿದರು. ಒಬ್ಬಂಟಿಯಾಗಿ ಕೋಣೆಯಲ್ಲಿ ಹೇಳಿಕೊಂಡರೂ ಆ ಬೇಡಿಕೆ ಎಲ್ಲರ ಪರವಾದದ್ದು. ತುಂಬಿದ ಉಗ್ರಾಣದವನು ಅದನ್ನು ಹೇಳಿದಾಗ, ತನ್ನ ಬಳಿ ಇರುವುದನ್ನೇ ನೆರೆಯವನ ಪರವಾಗಿ ದೇವರ ಬಳಿ ಕೇಳುತ್ತಿರುತ್ತಾನೆ. ಹೊಸ ಒಡಂಬಡಿಕೆಯ ಯಾಕೋಬನ ಪತ್ರವಂತೂ, ಬಟ್ಟೆಯೂ ಊಟವೂ ಇಲ್ಲದ ಸಹೋದರನಿಗೆ ಏನನ್ನೂ ಕೊಡದೆ ಬರಿಯ ಹಾರೈಕೆ ಹೇಳಿ ಕಳಿಸುವ ವಿಶ್ವಾಸವನ್ನು ಸತ್ತದ್ದೆಂದೇ ಕರೆಯುತ್ತದೆ.

ಕರಾವಳಿಯ ಓದುಗರಿಗೆ ಇಲ್ಲಿ ಇನ್ನೊಂದು ದಾರಿ ನೆನಪಾಗಬಹುದು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರೂ ಜರ್ಮನ್ ಮಾತಾಡುವ ಭಕ್ತರೇ. ಕ್ರೈಸ್ತರಾದವರು ಕುಲದ ಕಸುಬನ್ನೂ ಮನೆಯವರ ಆಸರೆಯನ್ನೂ ಕಳೆದುಕೊಂಡಾಗ, ಪ್ರಾರ್ಥಿಸಿ ಕಾಯಿರಿ ಎಂದಷ್ಟೇ ಹೇಳಿ ಮಿಶನ್ ಸುಮ್ಮನಾಗಲಿಲ್ಲ. ಮಗ್ಗ ಹಾಕಿತು, ಅಚ್ಚುಕೂಟ ತೆರೆಯಿತು, 1865ರಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿತು. ಧರ್ಮಸಂಸ್ಥೆಯೇ ಯಜಮಾನನಾದರೆ ಏನೇನು ತೊಡಕು ಎಂಬುದು ಬೇರೆಯೇ ಚರ್ಚೆ. ಮಂಗಳೂರು ಹೆಂಚು ಮಾತ್ರ ಆ ದಿನದ ಅನ್ನದ ಪ್ರಶ್ನೆಯಿಂದಲೇ ಹುಟ್ಟಿದ್ದು.

ಕೊನೆಯದಾಗಿ ಪೌಲ. ಗುಡಾರ ಹೊಲಿದು ತನ್ನ ಅನ್ನ ತಾನೇ ದುಡಿದವನು. ದುಡಿಯಲು ಮನಸ್ಸಿಲ್ಲದವನ ಊಟದ ಬಗ್ಗೆ ಬಿರುಸಾಗಿ ಬರೆದವನೂ ಅವನೇ. ಯೆರೂಸಲೇಮಿನ ಬಡ ವಿಶ್ವಾಸಿಗಳಿಗಾಗಿ ಗ್ರೀಕ್ ಊರುಗಳಲ್ಲಿ ಹಣ ಕೂಡಿಸುವಾಗ ಕೊರಿಂಥದವರಿಗೆ ಅವನು ಬರೆದ ಎರಡನೇ ಪತ್ರದಲ್ಲಿ ಮನ್ನದ ಕಥೆ ಮತ್ತೆ ಬರುತ್ತದೆ. ಹೆಚ್ಚು ಕೂಡಿಸಿದವನಿಗೆ ಮಿಗಲಿಲ್ಲ, ಕಡಿಮೆ ಕೂಡಿಸಿದವನಿಗೆ ಕೊರೆಯಾಗಲಿಲ್ಲ ಎಂಬ ಆ ಹಳೆಯ ಅಳತೆಯನ್ನೇ ಅವನು ಎತ್ತಿ ಹೇಳುತ್ತಾನೆ. ಆದರೆ ಮರುಭೂಮಿಯಲ್ಲಿ ಸಮಪಾಲು ದೇವರ ಅದ್ಭುತದಿಂದ ಆಯಿತು. ಪೌಲನ ಪತ್ರದಲ್ಲಿ ಅದು ಕೊರಿಂಥದವರ ಚೀಲದಿಂದ ಆಗಬೇಕು. ಮುಲ್ಲರ್ ಅವರಂತೆ ಅವನು ಮೌನವಾಗಿ ಇರಲಿಲ್ಲ. ಕೇಳಿದ, ಒತ್ತಾಯಿಸಿದ, ಬೇರೆ ಊರಿನವರು ಕೊಟ್ಟದ್ದನ್ನು ಹೇಳಿ ನಾಚಿಕೆಯನ್ನೂ ಹುಟ್ಟಿಸಿದ. ರೋಮಾಪುರದವರಿಗೆ ಬರೆಯುವ ಹೊತ್ತಿಗೆ ಹಣ ಕೂಡಿತ್ತು, ಅದನ್ನು ತಲುಪಿಸಲು ಅವನು ಹೊರಟಿದ್ದ. ಆ ಪತ್ರದಲ್ಲಿ ತನಗಾಗಿ ಪ್ರಾರ್ಥಿಸಿರೆಂದು ಕೇಳಿಕೊಳ್ಳುತ್ತಾನೆ. ಯೂದಾಯದ ಅವಿಶ್ವಾಸಿಗಳಿಂದ ಬರಬಹುದಾದ ಅಪಾಯ ಒಂದು ಕಾರಣ. ಇನ್ನೊಂದು, ಯೆರೂಸಲೇಮಿನವರು ಈ ಕಾಣಿಕೆಯನ್ನು ಒಪ್ಪಿಕೊಳ್ಳುವರೋ ಇಲ್ಲವೋ ಎಂಬ ಅಳುಕು.